ಸತ್ತಿಗೆ ಇಲ್ಲದ ದೊರೆ

ರೋಸ್ಕಾಂಪ್ ದೊರೆಯನ್ನು ನಾನು ಮೊದಲು ನೋಡಿದಾಗ ಅವನಿಗೆ ಸರಿಯಾಗಿ ಮೀಸೆಯೂ ಬಂದಿರಲಿಲ್ಲ. ಹಾಲೆಂಡಿನಿಂದ ಬಂದು ಹೊಸದಾಗಿ ಹಡಗಿಳಿದವನು. ಬಿಸಿಲಿಗೆ ಮೂಗಿನ ಸಿಪ್ಪೆ ಸುಲಿದಿತ್ತು. ಗುಡ್ಡದ ಹಳ್ಳಿಗಳವರು ಸರ್ಕಾರಕ್ಕೆಂದು ಬೆಳೆದುಕೊಡಬೇಕಿದ್ದ ಕಾಫಿಯ ಉಸ್ತುವಾರಿ ಅವನದು. ಕುದುರೆ ಏರಿ ಹೋಗಿ, ಗಿಡ ನೋಡಿ, ಹಳ್ಳಿಯ ಯಜಮಾನರನ್ನು ಗದರಿಸಿ, ಸಂಜೆಗೆ ಇನ್ನಷ್ಟು ಕೆಂಪು ಮೂಗು ಹೊತ್ತು ಮರಳುತ್ತಿದ್ದ. ಅವನು ಇವನು ಎನ್ನುತ್ತಿದ್ದೇನೆ, ನಿಜ. ಈಗ ಅನ್ನಬಹುದು. ಆಗ ಅಂದಿದ್ದರೆ ಬೆನ್ನಿಗೆ ಬೆತ್ತ ಬೀಳುತ್ತಿತ್ತು.

ನನ್ನ ಅಂಗಡಿ ಇರುವುದು ಬುಪಾತಿಯ ಅರಮನೆ ಮುಂದಿನ ಬಯಲಿನಲ್ಲಿ, ಆಲದ ಮರದ ಬುಡದಲ್ಲಿ. ಬುಪಾತಿ ನಮ್ಮ ಸೀಮೆಯ ಅರಸು. ಬಯಲಿನ ಆಚೆ ಬದಿಗೆ ಬಿಳಿ ಕಂಬಗಳ ಬಂಗಲೆಯಲ್ಲಿರುವ ಡಚ್ ರೆಸಿಡೆಂಟ್ ಆ ಅರಸನಿಗೂ ಮೇಲಿನವನು. ಸರ್ಕಾರದ ಲೆಕ್ಕದಲ್ಲಿ ಅವರಿಬ್ಬರೂ ಒಡಹುಟ್ಟಿದವರು: ರೆಸಿಡೆಂಟ್ ಅಣ್ಣ, ಬುಪಾತಿ ತಮ್ಮ. ನಲವತ್ತರ ಅಣ್ಣನಿಗೆ ಹಲ್ಲೆಲ್ಲ ಉದುರಿದ ತಮ್ಮ ಇದ್ದದ್ದೂ ಉಂಟು. ಈ ಅಣ್ಣತಮ್ಮಂದಿರ ನಡುವೆ ನನ್ನದೊಂದು ಉದ್ದ ಬೆಂಚು, ಅನ್ನದ ಕುಕ್ಕೆ, ಕಡಲೆಕಾಯಿ ಗೊಜ್ಜು ಕಲಸಿದ ಸೊಪ್ಪು, ಬಾಳೆಲೆಯಲ್ಲಿ ಕಟ್ಟಿದ ಅಂಟಕ್ಕಿ ಕಡುಬು, ಬೆಲ್ಲ ಹಾಕಿದ ಶುಂಠಿ ಕಷಾಯ. ನನ್ನನ್ನು ಎಲ್ಲರೂ ಗಿಯೆಮಕ್ಕ ಎನ್ನುತ್ತಾರೆ. ನಾನು ಅತ್ತ ತಿರುಗಿದಾಗ ಬಾಯಿಬಡಕಿ ಎನ್ನುತ್ತಾರೆ.

ನಮ್ಮ ಜಾವಾದಲ್ಲಿ ಅಧಿಕಾರಿಯನ್ನು ಮುಖದಿಂದ ಗುರುತಿಸುವುದಿಲ್ಲ, ತಲೆಯ ಮೇಲಿನ ಸತ್ತಿಗೆಯಿಂದ, ಆಳು ಹಿಡಿಯುವ ಆ ಬಿರುದಿನ ಕೊಡೆಯಿಂದ ಗುರುತಿಸುತ್ತೇವೆ. ಯಾವ ಹುದ್ದೆಗೆ ಯಾವ ಬಣ್ಣ, ಎಷ್ಟಗಲದ ಚಿನ್ನದ ಪಟ್ಟಿ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ಇಡೀ ಚಿನ್ನದ ಬಣ್ಣದ್ದು ಬಂತೆಂದರೆ ರೆಸಿಡೆಂಟ್ ಬಂದನೆಂದೇ ಲೆಕ್ಕ. ದಾರಿಯಲ್ಲಿದ್ದವರೆಲ್ಲ ಕುಕ್ಕರಗಾಲಲ್ಲಿ ಕೂತು ನೆಲ ನೋಡಬೇಕು. ಕೂತವರು ನೋಡುವುದು ದೊರೆಯ ಬೂಟು ಮತ್ತು ಸತ್ತಿಗೆಯ ನೆರಳು, ಅಷ್ಟೇ. ಹಾಗಾಗಿ ರೋಸ್ಕಾಂಪ್ ದೊರೆಯ ಮೂಗು ಯಾವಾಗ ಕೆಂಪು ಬಿಟ್ಟು ಕಂದಾಯಿತೋ ನನಗೆ ತಿಳಿಯದು.

ಕಾಫಿ ಕೆಲಸ ಮುಗಿಸಿ ಅವನು ಬೇರೆ ಜಿಲ್ಲೆಗೆ ಹೋದ. ಕೆಲವು ವರ್ಷಗಳ ಮೇಲೆ ರೆಸಿಡೆಂಟಿನ ಕೈಕೆಳಗಿನ ಅಧಿಕಾರಿಯಾಗಿ ನಮ್ಮೂರಿಗೇ ಮರಳಿದ. ಆಗ ಅವನ ಜೊತೆ ಹೆಂಡತಿ ಇದ್ದಳು, ಕೈಗೂಸು ಮಗಳಿದ್ದಳು, ತಲೆಯ ಮೇಲೆ ಚಿನ್ನದ ಅಂಚಿನ ಬಿಳಿ ಸತ್ತಿಗೆ ಇತ್ತು. ಆ ಸತ್ತಿಗೆ ಹಿಡಿದವನೇ ಸೆತ್ರೊ.

ಸೆತ್ರೊ ಪೂರ್ವದ ಯಾವುದೋ ದೂರದ ಊರಿನವನು. ದೊರೆಯ ಹಿಂದೆ ನಡೆಯುತ್ತ ನಡೆಯುತ್ತ ಇಲ್ಲಿಯವರೆಗೆ ಬಂದಿದ್ದ. ಬಂದ ವರ್ಷವೇ ಹೆಂಡತಿ ಸತ್ತಳು. ಮಕ್ಕಳಿರಲಿಲ್ಲ, ನೆಂಟರೆಂದರೆ ಇಲ್ಲಿ ಯಾರೂ ಇರಲಿಲ್ಲ. ಎತ್ತರದ ಸಣಕಲು ಆಳು, ಸತ್ತಿಗೆ ಹಿಡಿಯುವ ಬಲಗೈ ಮಾತ್ರ ಬೇರೆ ಯಾರದೋ ಅನ್ನುವಷ್ಟು ಗಟ್ಟಿ. ದೊರೆಯ ಒಂದು ಹೆಜ್ಜೆ ಹಿಂದೆ, ಎಡಕ್ಕೆ, ಅವನ ಜಾಗ. ನೆರಳು ದೊರೆಗೆ, ಬಿಸಿಲು ಸೆತ್ರೊನಿಗೆ. ಮಾತಿಗೆ ಅಲ್ಲಿ ಜಾಗವಿಲ್ಲ. ದೊರೆ ಹೊರಡುವ ಮುನ್ನ ಗಂಟಲು ಸರಿಮಾಡಿಕೊಳ್ಳುವಂತೆ ಸಣ್ಣಗೆ ಒಮ್ಮೆ ಕೆಮ್ಮುತ್ತಿದ್ದ. ಅದೇ ಅಪ್ಪಣೆ. ಕೆಮ್ಮು ಮುಗಿಯುವುದರೊಳಗೆ ಸತ್ತಿಗೆ ಬಿಚ್ಚಿಕೊಂಡಿರುತ್ತಿತ್ತು.

"ಸೆತ್ರಣ್ಣ, ದೊರೆ ನಿದ್ದೇಲಿ ಕೆಮ್ಮಿದ್ರೂ ಎದ್ದು ಸತ್ತಿಗೆ ಬಿಚ್ತೀಯೇನೋ?" ಎಂದು ನಾನೊಮ್ಮೆ ರೇಗಿಸಿದೆ.

"ಎದ್ದಿದ್ದೀನಿ," ಎಂದ. ನಗಲಿಲ್ಲ. ಕಷಾಯ ಕುಡಿದು ಹೋದ.

ಆ ಬಿಳಿ ಸತ್ತಿಗೆಯ ಕಾಲದಲ್ಲೇ ರಸ್ತೆ ಬಂದದ್ದು. ಊರಿನಿಂದ ಗುಡ್ಡದ ಮೇಲಿನ ಕಾಫಿ ಗೋದಾಮಿಗೆ ರಸ್ತೆ ಆಗಬೇಕೆಂದು ರೋಸ್ಕಾಂಪ್ ದೊರೆ ಹಟ ಹಿಡಿದ. ಮನೆಗೊಬ್ಬ ಗಂಡಾಳು, ಬಿಟ್ಟಿ ಕೆಲಸ. ನಮ್ಮ ಮನೆಯಿಂದ ನನ್ನ ಗಂಡ ಕಸಾನ್ ಹೋದ. ಮೊದಲ ವರ್ಷ ಊರಿನ ಹತ್ತಿರದ ಕೆಲಸ. ರಸ್ತೆಯ ಎರಡು ಬದಿಗೂ ಹುಣಸೆ ಸಸಿ ನೆಟ್ಟರು. ಬಯಲಿನ ಪಕ್ಕದ ಸಾಲನ್ನು ನೆಟ್ಟವನು ಕಸಾನನೇ. ಬುಡಕ್ಕೆ ಮಣ್ಣು ಒತ್ತುತ್ತ ಅಂಗಡಿಯತ್ತ ಕೂಗಿ, "ಇವಳೇ, ಮುದುಕಿ ಆದ್ಮೇಲೆ ಇದರ ಕೆಳಗೆ ಕೂತು ಊರೋರ್ನೆಲ್ಲ ಬೈಯುವಂತೆ," ಎಂದಿದ್ದ. ಮರುವರ್ಷ ಮಳೆಗಾಲದಲ್ಲಿ ಗುಡ್ಡ ಕಡಿಯಲು ಕಳಿಸಿದರು. ಮಳೆ ನಿಲ್ಲಲಿ ಎಂದು ಹಳ್ಳಿಗಳ ಯಜಮಾನರು ಬೇಡಿಕೊಂಡರಂತೆ. ದೊರೆ ಒಪ್ಪಲಿಲ್ಲ. ಗುಡ್ಡ ಜಾರಿತು. ಕಸಾನ್ ಅದರ ಕೆಳಗೆ ಹೋದ, ಅವನ ಜೊತೆ ಇನ್ನೂ ಬಹಳ ಜನ.

ದೊರೆ ಬಂದು ನೋಡಿದ. ಮಳೆ ಸುರಿಯುತ್ತಿತ್ತು. ಅವನು ಸತ್ತಿಗೆಯ ಕೆಳಗೆ ನಿಂತಿದ್ದ, ಸೆತ್ರೊ ಹಿಂದೆ ತೊಯ್ದು ತೊಪ್ಪೆಯಾಗಿ ನಿಂತಿದ್ದ. ನಾವು ಹೆಂಗಸರು ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದೆವು, ಅಳುವುದಕ್ಕೂ ತಲೆ ಎತ್ತುವಂತಿರಲಿಲ್ಲ. ಮಾರನೆಯ ದಿನ ಕೆಲಸ ಮತ್ತೆ ಶುರುವಾಯಿತು. ನಾನು ಅವನನ್ನು ದ್ವೇಷಿಸಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಅವನ ನೆರಳು ಬಿದ್ದ ನೆಲಕ್ಕೆ ಹಿಡಿಶಾಪ ಹಾಕಿದೆ.

ಅದೇ ವರ್ಷ ಜ್ವರ ಬಂದು ಅವನ ಹೆಂಡತಿಯೂ ಹೋದಳು. ನನ್ನ ಶಾಪ ತಗುಲಿತೆಂದು ಊರು ಹೇಳಿತು. ನನಗೆ ಸಂತೋಷವಾಗಲಿಲ್ಲ, ದುಃಖವೂ ಆಗಲಿಲ್ಲ. ಚರ್ಚಿನ ಹಿಂದಿನ ಡಚ್ಚರ ಸ್ಮಶಾನದಲ್ಲಿ ಹೂತರು. ಮಗುವನ್ನು ಹಾಲೆಂಡಿನಲ್ಲಿದ್ದ ಅತ್ತೆಯ ಮನೆಗೆ ಹಡಗು ಹತ್ತಿಸಿದರು.

ರಸ್ತೆ ಮುಗಿಯಿತು. ಸರ್ಕಾರ ಮೆಚ್ಚಿತು. ರೋಸ್ಕಾಂಪ್ ದೊರೆ ರೆಸಿಡೆಂಟ್ ಆದ. ಸೆತ್ರೊನ ಕೈಗೆ ಇಡೀ ಚಿನ್ನದ ಸತ್ತಿಗೆ ಬಂತು. ಆ ದೊಡ್ಡ ಬಂಗಲೆಯಲ್ಲಿ ಆಳುಗಳನ್ನು ಬಿಟ್ಟರೆ ಅವನೊಬ್ಬನೇ. ಮೇಲಿನವರು ದೂರದ ರಾಜಧಾನಿ ಬತಾವಿಯಾದಲ್ಲಿ, ಉಳಿದವರೆಲ್ಲ ಕೆಳಗೆ, ಸಮಾನರು ಎಂಬುವವರು ಒಬ್ಬರೂ ಇಲ್ಲ.

"ಊಟದ ಮೇಜಿನ ಮೇಲೆ ಒಂದೇ ತಟ್ಟೆ," ಎಂದು ಸೆತ್ರೊ ಒಮ್ಮೆ ತಾನಾಗಿಯೇ ಹೇಳಿದ. "ಊಟ ಆದ್ಮೇಲೂ ಎದ್ದೇಳಲ್ಲ. ಎದುರಿನ ಖಾಲಿ ಕುರ್ಚೀನೇ ನೋಡ್ತಾ ಕೂತಿರ್ತಾರೆ."

"ಯಾಕೆ, ತಮ್ಮ ಇದ್ದಾನಲ್ಲ ಬುಪಾತಿ. ಕರೆದು ಕೂರಿಸ್ಕೊಳ್ಳಲಿ."

"ಆ ತಮ್ಮ ಬರ್ಬೇಕಾದ್ರೆ ಗಮೆಲಾನ್ ವಾದ್ಯ ಬಾರಿಸ್ಬೇಕು, ದಾರಿ ಉದ್ದಕ್ಕೂ ಜನ ಕೂರ್ಬೇಕು. ಸುಮ್ನೆ ಬಂದು ಕೂತು ಹೋಗೋ ತಮ್ಮ ಅಲ್ಲ ತಂಗಿ ಅದು."

ಆಮೇಲೆ ದೊರೆಗೆ ನಿವೃತ್ತಿಯಾಯಿತು, ಹಾಲೆಂಡಿಗೆ ಹೊರಟ. ಸತ್ತಿಗೆ ಸರ್ಕಾರದ್ದು, ಸತ್ತಿಗೆಯವನೂ ಸರ್ಕಾರದವನು. ಎರಡೂ ಇಲ್ಲೇ ಉಳಿಯಬೇಕು. ಬಂದರಿನಲ್ಲಿ ದೋಣಿಯ ಹಲಗೆಯವರೆಗೆ ಸೆತ್ರೊ ಸತ್ತಿಗೆ ಹಿಡಿದುಕೊಂಡು ಹೋದ. ದೊರೆ ಹಲಗೆ ಹತ್ತಿದ, ನೆರಳು ದಡದಲ್ಲೇ ನಿಂತಿತು. ದೋಣಿಯಲ್ಲಿ ಕೂತ ಮೇಲೆ ದೊರೆ ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಬಿಸಿಲಿಗೆ ಕಣ್ಣು ಕಿರಿದು ಮಾಡಿದನಂತೆ. ಟೋಪಿ ತಲೆಗೆ ಹಾಕಿಕೊಳ್ಳಬಹುದೆಂದು ಅವನಿಗೆ ಹೊಳೆಯಲಿಲ್ಲ. ಸೆತ್ರೊ ಇದನ್ನು ಹೇಳಿ ಅತ್ತ. ನನಗೆ ಸಿಟ್ಟು ಬಂತು. "ಕಸಾನನಿಗೆ ಅಳದೋನು ಇವನಿಗೆ ಅಳ್ತೀಯಾ?" ಎಂದೆ. ಅವನು ಬಹಳ ದಿನ ಅಂಗಡಿಗೆ ಬರಲಿಲ್ಲ.

ಅಲ್ಲಿ ರೋಸ್ಕಾಂಪ್ ದೊರೆ ರಾಜಕೀಯಕ್ಕೆ ಇಳಿದ, ಯಾವುದೋ ಸಣ್ಣ ಊರಿನವರು ಅವನನ್ನು ಆರಿಸಿ ಶಾಸನಸಭೆಗೆ ಕಳಿಸಿದರು ಎಂದು ಬಂಗಲೆಯ ಗುಮಾಸ್ತರು ಹೇಳುತ್ತಿದ್ದರು. ಇನ್ನೊಂದು ಚುನಾವಣೆಯಲ್ಲಿ ಸೋತನೆಂದೂ ಹೇಳಿದರು. ನಾನು ಗೊಜ್ಜು ಅರೆಯುತ್ತ ಕೇಳಿಸಿಕೊಂಡೆ. ಸತ್ತರೂ ನನಗೇನು ಎಂದುಕೊಂಡೆ.

ಅವನು ಸಾಯಲಿಲ್ಲ, ಮರಳಿ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಹೆಂಡತಿಯ ಸಮಾಧಿಗೆ ಹತ್ತಿರವಾಗಲೆಂದು ಚರ್ಚಿನ ಬದಿಗೆ ಸಣ್ಣ ಮನೆ ಹಿಡಿದ. ಅಧಿಕಾರವಿಲ್ಲ, ಹಾಗಾಗಿ ಸತ್ತಿಗೆಯೂ ಇಲ್ಲ. ಅದರಿಂದ ಊರಿಗೇ ಫಜೀತಿಯಾಯಿತು. ಅವನು ದಾರಿಯಲ್ಲಿ ಬಂದರೆ ಕೆಲವರು ಹಳೆಯ ಭಯಕ್ಕೆ ಕುಕ್ಕರಿಸಿದರು, ಕೆಲವರು ಮುಖ ತಿರುಗಿಸಿದರು, ಕೆಲವರು ಅರ್ಧ ಬಗ್ಗಿ ನಿಂತರು.

"ಗಿಯೆಮಕ್ಕ, ಇವ್ರ ಮುಂದೆ ಕೂರ್ಬೇಕೋ ನಿಲ್ಬೇಕೋ?" ಎಂದು ಗಾಡಿಯವನೊಬ್ಬ ಕೇಳಿದ.

"ಓಡಿಹೋಗು. ಅದೇ ಸುಲಭ," ಎಂದೆ.

ಡಚ್ಚರೂ ಅವನನ್ನು ಹತ್ತಿರ ಸೇರಿಸಲಿಲ್ಲ. ಹಾಲೆಂಡಿನ ಸಭೆಯಲ್ಲಿ ಅವನು ಆಡಿದ ಮಾತು ಇಲ್ಲಿನ ಡಚ್ ತೋಟದ ಸಾಹುಕಾರರಿಗೆ ಹಿಡಿಸಿರಲಿಲ್ಲವಂತೆ. ಕ್ಲಬ್ಬಿನ ಹೊರಜಗುಲಿಯಲ್ಲಿ ಒಬ್ಬನೇ ಕೂತು, ಒಳಗೆ ನಗುವವರ ಸದ್ದು ಕೇಳಿ ಎದ್ದು ಬರುತ್ತಿದ್ದ. ಆ ಮುದುಕನಿಗೆ ಬೇಕಾಗಿದ್ದದ್ದು ಒಂದೇ, ಕಣ್ಣಿದ್ದವರಿಗೆ ಕಾಣುತ್ತಿತ್ತು: ಯಾರಾದರೂ ಪಕ್ಕದಲ್ಲಿ ಕೂರಬೇಕು. ಅವನಿಗೆ ಅದು ಸಿಗಬಾರದು ಎಂದು ನಾನು ಮನಸಾರೆ ಬಯಸಿದೆ.

ಹಾಲೆಂಡಿನ ರಾಜನ ಹುಟ್ಟುಹಬ್ಬ ಬಂತು. ಪ್ರತಿವರ್ಷದ ಹಾಗೆ ರೆಸಿಡೆಂಟ್ ಬಂಗಲೆಯಿಂದ ಹೊರಟು, ಬಯಲು ದಾಟಿ, ಬುಪಾತಿಯ ಚಾವಡಿಗೆ ನಡೆದುಕೊಂಡು ಹೋಗಬೇಕು. ಊರ ಡಚ್ಚರೆಲ್ಲ ಹಿಂದೆ ಸಾಲಾಗಿ ಬರಬೇಕು. ಬಯಲಿನ ತುಂಬ ಜನ ಕೂತಿದ್ದರು. ಹೊಸ ರೆಸಿಡೆಂಟ್ ಎಳೆಯ ವಯಸ್ಸಿನವನು, ಇಸ್ತ್ರಿ ಮಾಡಿದಂತೆ ನೆಟ್ಟಗಿದ್ದ. ಮೆಟ್ಟಿಲ ಕೆಳಗೆ ಸೆತ್ರೊ ಮಡಿಸಿದ ಸತ್ತಿಗೆ ಹಿಡಿದು ಕಾದಿದ್ದ. ಹಳೆಯ ದೊರೆ ಡಚ್ಚರ ಸಾಲಿನ ಕೊನೆಯಲ್ಲಿ, ಔಷಧಿ ಅಂಗಡಿಯವನಿಗಿಂತಲೂ ಹಿಂದೆ ನಿಂತಿದ್ದ.

ಚಾವಡಿಯಲ್ಲಿ ಗಮೆಲಾನ್ ಶುರುವಾಯಿತು. ಹೊಸ ರೆಸಿಡೆಂಟ್ ಮೆಟ್ಟಿಲಿಳಿದು ನಿಂತ. ಆಗ ಸಾಲಿನ ಕೊನೆಯಿಂದ ಒಂದು ಕೆಮ್ಮು ಕೇಳಿಸಿತು.

ದೊಡ್ಡ ಕೆಮ್ಮೇನಲ್ಲ. ಆ ವಾದ್ಯ ಕೇಳಿದೊಡನೆ ಗಂಟಲು ಸರಿಮಾಡಿಕೊಂಡು ಹೊರಡುವುದು ಹಳೆಯ ದೊರೆಯ ಮೈಗೆ ಅಂಟಿಹೋಗಿತ್ತು, ಅಷ್ಟೇ. ಆದರೆ ಸೆತ್ರೊನ ಕಾಲಿಗೆ ಅದೆಲ್ಲ ಏನು ಗೊತ್ತು? ಸತ್ತಿಗೆ ಬಿಚ್ಚಿಕೊಂಡಿತು. ಹೊಸ ರೆಸಿಡೆಂಟಿನ ಪಕ್ಕದಿಂದ ಹೊರಟು, ಸಾಹುಕಾರರ ಸಾಲನ್ನು ದಾಟಿ, ನೆಟ್ಟಗೆ ಹೋಗಿ ಬಿಳಿಕೂದಲಿನ ತಲೆಯ ಮೇಲೆ ನಿಂತಿತು. ಚಿನ್ನದ ಸತ್ತಿಗೆ ಎಲ್ಲಿಯೋ ರೆಸಿಡೆಂಟ್ ಅಲ್ಲಿಯೇ. ಇಡೀ ಬಯಲು ಕೂತಲ್ಲೇ ಆ ಕಡೆಗೆ ತಿರುಗಿ ತಲೆ ಬಗ್ಗಿಸಿತು. ನಾನೂ ಬಗ್ಗಿಸಿದೆ, ಯೋಚಿಸುವ ಮೊದಲೇ. ಮೆಟ್ಟಿಲ ಬಳಿ ಹೊಸ ರೆಸಿಡೆಂಟ್ ಬರಿಬಿಸಿಲಲ್ಲಿ ನಿಂತಿದ್ದ, ಅವನ ಕಡೆ ಯಾರೂ ನೋಡುತ್ತಿರಲಿಲ್ಲ.

ಹಳೆಯ ದೊರೆ ಆಗ ಹಿಂದೆ ಸರಿಯಬೇಕಿತ್ತು. ಸರಿಯಲಿಲ್ಲ. ಎದೆ ಮುಂದೆ ಮಾಡಿ ನಡೆಯತೊಡಗಿದ. ನನ್ನ ಬೆಂಚಿನ ಮುಂದೆಯೇ ಹಾದುಹೋದ, ಸೆತ್ರೊ ಹಿಂದೆ. ಯಾರೋ ಡಚ್ಚಿನಲ್ಲಿ ಕೂಗಿದರು. ಆಗ ಇಬ್ಬರೂ ನಿಂತರು. ಸೆತ್ರೊ ತನ್ನ ಕೈಯನ್ನು ನೋಡಿಕೊಂಡ.

ಅಂದೇ ಸೆತ್ರೊನನ್ನು ಕೆಲಸದಿಂದ ತೆಗೆದರು. ಬಂಗಲೆಯ ಹಿಂದಿನ ಕೋಣೆಯನ್ನೂ ಬಿಡಿಸಿದರು. ಮುದುಕ ಹೇಳಿಕೊಟ್ಟು ಮಾಡಿಸಿದ್ದೆಂದು ಡಚ್ಚರೆಲ್ಲ ನಂಬಿ ಅವನಿಗೆ ಕ್ಲಬ್ಬಿನ ಹೊರಜಗುಲಿಯನ್ನೂ ಇಲ್ಲದಂತೆ ಮಾಡಿದರು. ಸೆತ್ರೊ ಚಾಪೆ ಸುತ್ತಿಕೊಂಡು ನನ್ನ ಅಂಗಡಿಗೆ ಬಂದ.

"ಏನಾಗಿತ್ತಣ್ಣ ನಿನಗೆ?"

"ನನಗೇನೂ ಆಗ್ಲಿಲ್ಲ ತಂಗಿ. ಕಾಲಿಗೆ ಆಯ್ತು."

ಅಂಗಡಿಯ ಹಿಂದೆ ಬಿದಿರು ತಟ್ಟಿ ಕಟ್ಟಿಕೊಟ್ಟೆ. ಅಲ್ಲಿ ಕೂತು ಅವನು ಎಣ್ಣೆಕಾಗದದ ಕೊಡೆ ರಿಪೇರಿ ಮಾಡತೊಡಗಿದ. ಬಿದಿರು ಕಡ್ಡಿ, ಕಾಗದ, ಅಂಟು; ಸಂತೆಗೆ ಹೋಗುವವರ ಕೊಡೆಗಳು, ಹೆಣದ ಮೇಲೆ ಹಿಡಿಯುವ ಬಿಳಿ ಕೊಡೆಗಳು, ಯಾವುದಾದರೂ ಸರಿ. ನಮ್ಮಲ್ಲಿ ಬದುಕಿರುವಾಗ ಸತ್ತಿಗೆ ಕೆಲವರಿಗೇ. ಸತ್ತಾಗ ಚಟ್ಟದ ಮೇಲೆ, ತಲೆಯ ಕಡೆ, ಒಂದು ಕಾಗದದ ಕೊಡೆ ಎಲ್ಲರಿಗೂ ಉಂಟು. ಮಗನೋ ಒಡಹುಟ್ಟಿದವನೋ ಹಿಡಿಯಬೇಕು, ಬೇರೆಯವರು ಹಿಡಿಯುವಂತಿಲ್ಲ. ಮಣ್ಣಿನಿಂದ ಹೆಣ ತೆಗೆದ ಮೇಲೆ ಕಸಾನನಿಗೆ ಅವನ ತಮ್ಮ ಹಿಡಿದಿದ್ದ.

ಒಂದು ಬೆಳಿಗ್ಗೆ ಹಳೆಯ ದೊರೆ ಬಂದು ನನ್ನ ಬೆಂಚಿನ ಮೇಲೆ ಕೂತ. ಕೂತದ್ದೇ ತಡ, ಬೆಂಚಿನಲ್ಲಿದ್ದ ಗಾಡಿಯವರೆಲ್ಲ ಕೈಯಲ್ಲಿದ್ದ ಅನ್ನದ ಎಲೆ ಸಮೇತ ನೆಲಕ್ಕಿಳಿದು ದೂರ ಸರಿದರು. ಅಷ್ಟುದ್ದದ ಬೆಂಚಿನಲ್ಲಿ ಅವನೊಬ್ಬನೇ ಉಳಿದ.

"ಅಮ್ಮಾ, ನನಗೊಂದು ಶುಂಠಿ ಕಷಾಯವನ್ನು ದಯಪಾಲಿಸುವಿರಾ?" ಎಂದ. ಅವನ ಭಾಷೆ ಯಾವಾಗಲೂ ಹಾಗೇ, ಬುಪಾತಿಯ ಚಾವಡಿಯಲ್ಲಿ ಆಡಬೇಕಾದದ್ದು.

"ದೊರೆ, ನೀವು ಕೂತ್ರೆ ನನ್ನ ವ್ಯಾಪಾರ ಏಳುತ್ತೆ," ಎಂದೆ.

ಅವನು ಖಾಲಿ ಬೆಂಚನ್ನು ನೋಡಿ, "ಕ್ಷಮಿಸಬೇಕು," ಎಂದು ಎದ್ದ. ಅಷ್ಟರಲ್ಲಿ ತಟ್ಟಿಯ ಹಿಂದಿನಿಂದ ಸೆತ್ರೊ ಬಂದು ಕುಕ್ಕರಿಸಿದ. ನಾನು ಕಷಾಯ ಕೊಟ್ಟೆ, ಸೆತ್ರೊನ ಮುಖ ನೋಡಿ ಕೊಟ್ಟೆ.

ಅಂದಿನಿಂದ ದಿನವೂ ಬಂದ. ಗಾಡಿಯವರು ಅವನು ಹೋದ ಮೇಲೆ ಬರುವುದನ್ನು ಕಲಿತರು. ಅವನಿಗೆ ಒಂದೇ ಹಟ, ಸೆತ್ರೊ ಪಕ್ಕದಲ್ಲಿ ಕೂರಬೇಕು.

"ಮೇಲೆ ಕುಳಿತುಕೊಳ್ಳಯ್ಯ. ನಾನೀಗ ಯಾರೂ ಅಲ್ಲ."

"ಇಲ್ಲೇ ಚೆನ್ನಾಗಿದೆ ದೊರೆ," ಎಂದು ಸೆತ್ರೊ ನೆಲದಲ್ಲೇ ಕೂತ.

ಸರಿ, ದೊರೆ ಬೆಂಚು ಬಿಟ್ಟು ನೆಲಕ್ಕಿಳಿದ. ಸೆತ್ರೊಗೆ ದಿಕ್ಕು ತೋಚಲಿಲ್ಲ. ದೊರೆ ನೆಲದಲ್ಲಿದ್ದರೆ ತಾನು ಅದಕ್ಕಿಂತ ಕೆಳಗಿರಬೇಕಲ್ಲ. ಚರಂಡಿಯ ತಗ್ಗಿಗೆ ಜರುಗಿ ಕೂತ.

"ದೊರೆ, ನೀವು ಇನ್ನೂ ಕೆಳಗೆ ಹೋದ್ರೆ ಇವನು ಬಾವೀಲೇ ಇಳೀಬೇಕು," ಎಂದೆ. ದೂರದಲ್ಲಿದ್ದ ಗಾಡಿಯವರು ನಕ್ಕರು. ದೊರೆಯೂ ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಬೆಂಚಿಗೇ ಮರಳಿದ. ಇಬ್ಬರೂ ನಡೆದುಹೋಗುವಾಗಲೂ ಹಾಗೇ: ಜೊತೆಗೆ ಬಾ ಎಂದು ದೊರೆ ನಿಲ್ಲುವನು, ಇವನೂ ಹಿಂದೆ ನಿಲ್ಲುವನು. ಏನೂ ಹಿಡಿಯದ ಬಲಗೈ ಅರ್ಧ ಎತ್ತಿಯೇ ಇರುತ್ತಿತ್ತು.

ಒಂದು ದಿನ ತಡೆಯಲಾರದೆ ನಾನೇ ಕೇಳಿದೆ. "ದೊರೆ, ಕಸಾನ್ ಅನ್ನೋ ಹೆಸರು ಕೇಳಿದ್ದೀರಾ?"

"ಇಲ್ಲ ಅಮ್ಮಾ."

"ನನ್ನ ಗಂಡ. ನಿಮ್ಮ ರಸ್ತೇಲಿ ಮಣ್ಣಾದ."

ಅವನು ಲೋಟ ಕೆಳಗಿಟ್ಟ. ಹಾಲೆಂಡಿನ ಸಭೆಯಲ್ಲಿ ತಾನು ಆಡಿದ್ದು ಆ ಮಾತನ್ನೇ ಎಂದ. ಬಿಟ್ಟಿ ಕೆಲಸ ನಿಲ್ಲಬೇಕು, ನಾನೇ ಮಾಡಿಸಿದವನು, ನನ್ನ ರಸ್ತೆಯಲ್ಲೇ ಜನ ಸತ್ತರು ಎಂದು ಎದ್ದು ನಿಂತು ಹೇಳಿದನಂತೆ.

"ಅವರು ಏನಂದ್ರು?"

"ಊಟದ ಹೊತ್ತಾಗಿತ್ತು. ಹೆಚ್ಚು ಜನ ಇರಲಿಲ್ಲ."

"ಅಲ್ಲಿ ಹೇಳೋಕೆ ಹಡಗು ಹತ್ತಿ ಹೋದ್ರಿ. ಇಲ್ಲಿ ಹೇಳೋಕೆ ಬಯಲು ದಾಟಿದ್ರೆ ಸಾಕಿತ್ತು."

"ಹೌದು," ಎಂದ. ಅವನು ಸಮಜಾಯಿಷಿ ಕೊಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು, ಚೆನ್ನಾಗಿ ಬೈಯಬಹುದಿತ್ತು.

ಮತ್ತೊಂದು ದಿನ ಹಾಲೆಂಡಿನ ಸುದ್ದಿ ತಾನಾಗಿ ತೆಗೆದ. ಅಲ್ಲಿ ಯಾವಾಗಲೂ ಮಳೆ. ಅವರವರ ಕೊಡೆಯನ್ನು ಅವರವರೇ ಹಿಡಿದುಕೊಂಡು ಹೋಗುತ್ತಾರೆ. ಇವನಿಗೆ ಹಿಡಿಯುವುದೇ ಬರುತ್ತಿರಲಿಲ್ಲ, ಗಾಳಿಗೆ ಮಗುಚಿಕೊಳ್ಳುತ್ತಿತ್ತು. ಬೀದಿಯ ಹುಡುಗರು ನಗುತ್ತಿದ್ದರು. ಮಗಳು ದೊಡ್ಡವಳಾಗಿದ್ದಳು, ಒಳ್ಳೆಯವಳು. ಅಪ್ಪಾ ಎನ್ನುವ ಮೊದಲು ಪ್ರತಿಸಲ ಒಂದು ಗಳಿಗೆ ತಡೆಯುತ್ತಿದ್ದಳು. "ಆ ಗಳಿಗೆಯನ್ನು ನಾನು ಸಹಿಸಲಾರದೆ ಹೋದೆ," ಎಂದ. ಸೆತ್ರೊ ಕೆಳಗೆ ಕೂತು ಕಡ್ಡಿ ಹೆರೆಯುತ್ತಿದ್ದ, ತಲೆ ಎತ್ತಲಿಲ್ಲ.

ಮಳೆಗಾಲದ ಕೊನೆಗೆ ಸೆತ್ರೊಗೆ ಜ್ವರ ಬಂತು, ಇಳಿಯಲಿಲ್ಲ. ದೊರೆ ತಟ್ಟಿಯೊಳಗೆ ಬಂದು ಚಾಪೆಯ ಪಕ್ಕ ನೆಲದಲ್ಲಿ ಕೂತ. ಸೆತ್ರೊಗೆ ಕೆಳಗೆ ಸರಿಯಲು ಈಗ ಜಾಗವೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

"ಸೆತ್ರೊ, ಅಂದು ತಲೆಯ ಮೇಲೆ ನೆರಳು ಬಿದ್ದಾಗಲೇ ನನಗೆ ಗೊತ್ತಾಯಿತು. ಗೊತ್ತಿದ್ದೂ ನಡೆದೆ. ನಿನ್ನ ಅನ್ನ ಕಳೆದವನು ನಾನು."

ಸೆತ್ರೊ ಅವನನ್ನೇ ನೋಡುತ್ತ ಮಲಗಿದ್ದ. "ದೊರೆ, ಇಷ್ಟು ವರ್ಷ ನಿಮ್ಮ ಬೆನ್ನೇ ನೋಡ್ದೆ. ನಿಮ್ಮ ಎಡಗಿವಿ ಹಿಂದೆ ಒಂದು ಮಚ್ಚೆ ಇದೆ, ಗೊತ್ತಾ?"

"ಇಲ್ಲ."

"ಇದೆ. ಮುಖ ಈಗ ನೋಡ್ತಿದ್ದೀನಿ. ವಯಸ್ಸಾಗಿದೆ ನಿಮಗೆ," ಎಂದ. ಅವರಿಬ್ಬರೂ ಒಂದೇ ಎತ್ತರದಲ್ಲಿ ಇದ್ದು ಆಡಿದ ಮಾತೆಂದರೆ ಅಷ್ಟೇ. ಮಾರನೆಯ ಬೆಳಿಗ್ಗೆ ಸೆತ್ರೊ ತೀರಿಕೊಂಡ.

ನಾನು ಅತ್ತೆ. ಒಡಹುಟ್ಟಿದವನು ಹೋದಂತೆಯೇ ಅತ್ತೆ. ಗಾಡಿಯವರು ಬಿದಿರಿನ ಚಟ್ಟ ಕಟ್ಟಿದರು. ಹೆಣದ ಕೆಲಸ ನೋಡಿಕೊಳ್ಳುವ ಮೋದಿನ್ ಬಂದು ಸ್ನಾನ ಮಾಡಿಸಿ, ಬಟ್ಟೆ ಸುತ್ತಿಸಿ, ಪ್ರಾರ್ಥನೆ ಮುಗಿಸಿದ. ಎತ್ತುವ ಹೊತ್ತಿಗೆ, ಕೊಡೆ ಹಿಡಿಯುವವರು ಯಾರು ಎಂದು ಕೇಳಿದ. ಜೀವಮಾನವೆಲ್ಲ ಇನ್ನೊಬ್ಬರ ತಲೆಗೆ ನೆರಳು ಹಿಡಿದವನ ತಲೆಗೆ ಹಿಡಿಯಲು ಅವನ ರಕ್ತದವರು ಒಬ್ಬರಿರಲಿಲ್ಲ. ಸೆತ್ರೊ ತಾನೇ ಕಾಗದ ಅಂಟಿಸಿದ್ದ ಒಂದು ಬಿಳಿ ಕೊಡೆ ತಟ್ಟಿಗೆ ಒರಗಿತ್ತು.

ಹಳೆಯ ದೊರೆ ಗುಂಪಿನ ಹಿಂದೆ ನಿಂತಿದ್ದ. ಮುಂದೆ ಬಂದು ಆ ಕೊಡೆಯನ್ನು ಎತ್ತಿಕೊಂಡ. ಜನ ಹಿಂದೆ ಸರಿದರು.

"ದೊರೆ, ಇದು ನಿಮ್ಮಂಥೋರು ಹಿಡಿಯೋದಲ್ಲ," ಎಂದ ಮೋದಿನ್. ಮುದುಕನಾದರೂ ಹೆದರುವ ಆಸಾಮಿಯಲ್ಲ ಅವನು. "ಸತ್ತೋನ ಕಡೆಯೋರೇ ಹಿಡೀಬೇಕು. ನೀವು ಇವನಿಗೆ ಏನಾಗ್ಬೇಕು?"

ದೊರೆ ಚಟ್ಟವನ್ನು ನೋಡಿದ. ಬುಪಾತಿಯ ಚಾವಡಿಯ ಭಾಷೆಯಲ್ಲಿ ಏನೋ ದೊಡ್ಡ ಮಾತು ಹೇಳುತ್ತಾನೆ ಎಂದುಕೊಂಡೆ.

"ತಮ್ಮ," ಎಂದ.

ರೆಸಿಡೆಂಟ್ ಯಾವತ್ತೂ ಅಣ್ಣನೇ. ಎಷ್ಟು ಬುಪಾತಿಗಳಿಗೆ ಅಣ್ಣನಾಗಿದ್ದವನು, ಯಾರಿಗೂ ತಮ್ಮನಾಗಿರಲಿಲ್ಲ. ಮೋದಿನ್ ಅವನ ಮುಖವನ್ನೂ ಕೊಡೆಯನ್ನೂ ಒಮ್ಮೆ ನೋಡಿದ. ಏನು ತೀರ್ಮಾನಿಸಿದನೋ, "ಎತ್ತಿ," ಎಂದ.

ಚಟ್ಟ ಬಯಲು ದಾಟಿತು. ದೊರೆ ತಲೆಯ ಕಡೆ, ಒಂದು ಹೆಜ್ಜೆ ಹಿಂದೆ, ಎಡಕ್ಕೆ ನಡೆದ. ಕೊಡೆ ಹಿಡಿಯಲು ಬಾರದವನು ಹಿಡಿಕೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದ, ನೆರಳು ಮಾತ್ರ ಸೆತ್ರೊನ ತಲೆ ಬಿಟ್ಟು ಆಚೀಚೆ ಸರಿಯಲಿಲ್ಲ. ಬಿಸಿಲು ಅವನ ಬಿಳಿಕೂದಲ ಮೇಲೆಯೇ ಬೀಳುತ್ತಿತ್ತು. ಎಡಗಿವಿಯ ಹಿಂದೆ ಮಚ್ಚೆ ಇದ್ದದ್ದು ನಿಜ, ನಾನು ಹಿಂದಿನಿಂದ ನೋಡಿದೆ. ದಾರಿಯಲ್ಲಿದ್ದವರು ಎದ್ದು ನಿಂತರು. ಹೆಣಕ್ಕೆ ಎದ್ದು ನಿಲ್ಲುವುದು ನಮ್ಮ ರೂಢಿ.

ಮಣ್ಣು ಮಾಡಿ ಬಂದು ದೊರೆ ನನ್ನ ಬೆಂಚಿನ ಮೇಲೆ ಕೂತ. ನಾನು ಕಷಾಯ ಕೊಟ್ಟೆ. ಎಂದಿನಂತೆ ಒಲೆಯ ಬಳಿಗೆ ಹೋಗುವವಳು ಹೋಗಲಿಲ್ಲ, ಬೆಂಚಿನ ಇನ್ನೊಂದು ಕೊನೆಗೆ ಕೂತೆ. ಕಾಲು ನೋಯುತ್ತಿತ್ತು. ಕಸಾನನನ್ನು ನಾನು ಮರೆತಿರಲಿಲ್ಲ, ಮರೆಯುವುದೂ ಇಲ್ಲ. ಆ ಸಿಟ್ಟು ಹಾಗೇ ಇತ್ತು. ಅದರ ಜೊತೆಗೇ ಕೂತಿದ್ದೆ.

ಲೋಟ ಖಾಲಿಯಾಯಿತು. ದೊರೆ ಎದ್ದ. ಎದ್ದವನು ಬಯಲಿನ ಕಡೆ ಮುಖ ಮಾಡಿ, ಗಂಟಲು ಸರಿಮಾಡಿಕೊಳ್ಳುವಂತೆ ಸಣ್ಣಗೆ ಕೆಮ್ಮಿದ.

ಕೆಮ್ಮಿ, ಕಾದ. ತಟ್ಟಿಯ ಹಿಂದಿನಿಂದ ಯಾರೂ ಎದ್ದು ಬರಲಿಲ್ಲ. ಅವನಿಗೆ ಆಗ ನೆನಪಾಗಿರಬೇಕು. ಭುಜಗಳು ಇಳಿದುಬಿಟ್ಟವು. ಆ ಬರಿಬಿಸಿಲಿಗೆ ಕಾಲಿಡಲಾರದೆ, ಮರಳಿ ಕೂರಲೂ ಆರದೆ ನಿಂತೇ ಇದ್ದ.

"ಬಯಲಲ್ಲಿ ಹೋಗ್ಬೇಡ," ಎಂದೆ. ನನ್ನ ಬಾಯಿಂದ ಅದು ಹೇಗೆ ಬಂತೋ. "ರಸ್ತೆ ಪಕ್ಕ ಹುಣಸೆ ಸಾಲಿದೆಯಲ್ಲ, ಅದರ ನೆರಳಲ್ಲೇ ಹೋಗು ತಮ್ಮಾ. ನನ್ನ ಗಂಡ ನೆಟ್ಟಿದ್ದು."

ಅವನು ತಿರುಗಿ ನನ್ನನ್ನು ನೋಡಿದ. ಆಮೇಲೆ ರಸ್ತೆಯ ಕಡೆ ಹೋಗಿ, ಮೊದಲನೆಯ ಮರದ ಕಾಂಡಕ್ಕೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತ. ಅಲ್ಲಿಂದ ಎರಡನೆಯ ಮರಕ್ಕೆ ನಡೆದ.